ಇಯರ್‌ಫೋನ್: ‘ಬೇಸ್ ಚೆನ್ನಾಗಿದೆ’ ಎಂದರೆ ಯಾವ ಸಂಗೀತಕ್ಕೆ?

ಮಾನ್ಯ ಸಂಪಾದಕರಿಗೆ,

ಕಿವಿಯೊಳಗೆ ಕೂರುವ ಇಯರ್‌ಫೋನ್‌ಗಳನ್ನು, ಅದರಲ್ಲೂ ಒಂದು ಕಾಲಕ್ಕೆ ವೇದಿಕೆಯ ಗಾಯಕರಿಗಷ್ಟೇ ಮೀಸಲಾಗಿದ್ದು ಈಗ ಎಲ್ಲರ ಕೈಗೆಟಕುವ ಬೆಲೆಗೆ ಇಳಿದಿರುವ ಇನ್-ಇಯರ್ ಮಾನಿಟರ್‌ಗಳನ್ನು ಕೊಳ್ಳಲು ಹೋದವರಿಗೆ ಅಂಗಡಿಯಲ್ಲೂ ಜಾಹೀರಾತಿನಲ್ಲೂ ಮೊದಲು ಸಿಗುವ ಶಿಫಾರಸು ‘ಬೇಸ್ ಚೆನ್ನಾಗಿದೆ’, ಅಂದರೆ ತಗ್ಗು ಧ್ವನಿ ಚೆನ್ನಾಗಿ ಕೇಳುತ್ತದೆ, ಎಂಬುದು. ಯಾವ ಸಂಗೀತಕ್ಕೆ ಚೆನ್ನಾಗಿದೆ ಎಂದು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ದೇವರನಾಮ, ಬಸ್ಸಿನಲ್ಲಿ ಸಿನಿಮಾ ಹಾಡು, ರಾತ್ರಿ ಯಕ್ಷಗಾನ ಅಥವಾ ಹಿಂದೂಸ್ತಾನಿ ಗಾಯನದ ಖಯಾಲ್ ಎಂದು ಎಲ್ಲವನ್ನೂ ಒಂದೇ ಫೋನಿನಲ್ಲಿ ಕೇಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರ ಪರವಾಗಿ ಈ ವಿಷಯವನ್ನು ಕೊಂಚ ವಿವರವಾಗಿ ಬರೆಯುತ್ತಿದ್ದೇನೆ.

ಬೇಸ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವಲಯಗಳಿವೆ. ಧ್ವನಿಯ ಆವರ್ತನವನ್ನು, ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದನ್ನು, ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಸುಮಾರು 20ರಿಂದ 60 ಹರ್ಟ್ಜ್‌ವರೆಗಿನದು ಸಬ್-ಬೇಸ್. ಅದರಿಂದ ಮೇಲೆ ಸುಮಾರು 250 ಹರ್ಟ್ಜ್‌ವರೆಗೆ ಬರುವುದನ್ನು ಸಾಮಾನ್ಯವಾಗಿ ಮಿಡ್-ಬೇಸ್ ಎನ್ನುತ್ತಾರೆ. ಸಬ್-ಬೇಸ್‌ನಲ್ಲಿ ಸ್ವರಕ್ಕಿಂತ ಅದುರುವಿಕೆಯೇ ಹೆಚ್ಚು. 1980ರಲ್ಲಿ ರೋಲ್ಯಾಂಡ್ ಕಂಪನಿ ಹೊರತಂದ ಟಿಆರ್-808 ಎಂಬ ಡ್ರಮ್ ಯಂತ್ರದ ‘ಧುಂ’ ಎಂಬ ದೀರ್ಘ ಗುಡುಗು ಹಿಪ್-ಹಾಪ್ ಸಂಗೀತದ ಬೆನ್ನೆಲುಬಾಯಿತು; ಇಂದಿನ ಕನ್ನಡ ರ‍್ಯಾಪ್‌ನಲ್ಲೂ ಸಿನಿಮಾ ನಾಯಕನ ಪ್ರವೇಶದ ಹಾಡುಗಳಲ್ಲೂ ಅದೇ ಜಾತಿಯ ಸದ್ದು ಕೇಳುತ್ತದೆ. ಇಂಥ ಹಾಡುಗಳಿಗೆ ಬೇಸ್ ಹೆಚ್ಚಿರುವ ಇಯರ್‌ಫೋನ್ ಹೇಳಿ ಮಾಡಿಸಿದ್ದು. ಸಪಾಟಾದ, ಏರಿಳಿತವಿಲ್ಲದ ಇಯರ್‌ಫೋನ್‌ನಲ್ಲಿ ಅವುಗಳನ್ನು ಕೇಳಿದರೆ ಹಾಡಿನ ಅರ್ಧ ಜೀವವೇ ಹೋದಂತಾಗುತ್ತದೆ. ಡೊಳ್ಳು ಕುಣಿತದ ಧ್ವನಿಮುದ್ರಣವನ್ನೂ ನಾನು ಈ ಸಾಲಿಗೇ ಸೇರಿಸುತ್ತೇನೆ. ಡೊಳ್ಳಿನ ಪೆಟ್ಟು ಎದೆಗೆ ತಾಕಬೇಕು, ಅಂಗೈಯಷ್ಟು ಫೋನಿನಿಂದ ಅದರ ನೆರಳಾದರೂ ಸಿಗಬೇಕೆಂದರೆ ಬೇಸ್ ಬೇಕೇ ಬೇಕು.

ತೊಡಕಿರುವುದು ಮಿಡ್-ಬೇಸ್‌ನಲ್ಲಿ. ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು, ಅಂದರೆ ಸಿ ಶಾರ್ಪ್ ಅನ್ನು, ಶ್ರುತಿಯಾಗಿಟ್ಟುಕೊಂಡು ಹಾಡುವ ಗಾಯಕರ ಮಧ್ಯ ಷಡ್ಜ, ಅಂದರೆ ನಡುಸ್ಥಾಯಿಯ ‘ಸ’, ಸುಮಾರು 138 ಹರ್ಟ್ಜ್. ಅವರು ಮಂದ್ರ ಪಂಚಮಕ್ಕೆ, ಅಂದರೆ ಕೆಳಸ್ಥಾಯಿಯ ‘ಪ’ಗೆ, ಇಳಿದರೆ ಸುಮಾರು 104. ಅವರ ಹಿಂದೆ ಮಿಡಿಯುವ ತಂಬೂರಿಯ ಮಂದ್ರ ಷಡ್ಜ ಸುಮಾರು 69. ಪಕ್ಕದಲ್ಲಿ ಮೃದಂಗದ ಎಡಭಾಗದ ತುಂಬುನಾದವೂ ಇದೇ ಆಸುಪಾಸಿನದು. ಹೀಗೆ ಗಾಯನ, ಶ್ರುತಿ, ಲಯ ಮೂರೂ ಒತ್ತಾಗಿ ನಿಂತಿರುವ ಜಾಗವನ್ನೇ ಇಯರ್‌ಫೋನ್ ಎತ್ತಿ ಹಿಡಿದರೆ, ಅಲ್ಲಿ ಅತ್ಯಂತ ಬಲವಾಗಿರುವ ಮೃದಂಗದ ಎಡಭಾಗ ಉಳಿದವನ್ನು ನುಂಗುತ್ತದೆ. ಜೋರಾದ ತಗ್ಗು ಧ್ವನಿಯು ತನಗಿಂತ ಮೇಲಿನ ಧ್ವನಿಗಳನ್ನು ಮರೆಮಾಡುವುದು ಕಿವಿಯ ಸಹಜ ಗುಣ. ಮೇಲಿನ ಧ್ವನಿ ತಗ್ಗಿನದನ್ನು ಅಷ್ಟಾಗಿ ಮರೆಮಾಡದು.

ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಕಛೇರಿಯೊಂದರ ಧ್ವನಿಮುದ್ರಣದಲ್ಲಿ ಆಲಾಪನೆ ಮುಗಿದು ಕೃತಿ ಎತ್ತಿಕೊಳ್ಳುವ ಘಳಿಗೆಯನ್ನು ಗಮನಿಸಿ ಕೇಳಿ. ಆಲಾಪನೆಯ ಉದ್ದಕ್ಕೂ ಸ್ಪಷ್ಟವಾಗಿದ್ದ ತಂಬೂರಿಯ ಝೇಂಕಾರ ಮೃದಂಗದ ಎಡಗೈ ಬಿದ್ದ ಕ್ಷಣದಲ್ಲಿ ಮಾಯವಾಗಿ, ಪೆಟ್ಟು ಆರಿದ ಮೇಲೆ ಮತ್ತೆ ಮೂಡಿದರೆ ನಿಮ್ಮ ಇಯರ್‌ಫೋನ್‌ನ ಮಿಡ್-ಬೇಸ್ ಅತಿಯಾಗಿದೆ ಎಂದೇ ಅರ್ಥ. ತಂಬೂರಿಯ ಸೊಗಸು ಇರುವುದು ಅದರ ಮೂಲ ಆವರ್ತನದಲ್ಲಲ್ಲ, ತಂತಿಯಡಿ ಸಿಕ್ಕಿಸುವ ಜೀವಾಳದ ನೂಲು ಎಬ್ಬಿಸುವ ಮೇಲಿನ ಅನುಸ್ವರಗಳಲ್ಲಿ, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಏರು ಸ್ವರಗಳಲ್ಲಿ. ಮೃದಂಗದ ಬಲಭಾಗವೂ ಹೀಗೆಯೇ. ಸಾಮಾನ್ಯ ಚರ್ಮವಾದ್ಯಗಳಲ್ಲಿ ಅನುಸ್ವರಗಳು ಅಡ್ಡಾದಿಡ್ಡಿಯಾಗಿರುತ್ತವೆ. ಮೃದಂಗ, ತಬಲಾಗಳಲ್ಲಿ ನಡುವೆ ಮೆತ್ತಿದ ಕಪ್ಪು ಕರಣೆಯಿಂದಾಗಿ ಅವು ತಂತಿವಾದ್ಯದಂತೆ ಒಂದು, ಎರಡು, ಮೂರು ಪಟ್ಟು ಎಂಬ ಲೆಕ್ಕದಲ್ಲಿ ಕೂಡಿಬರುತ್ತವೆ ಎಂಬುದನ್ನು ಸಿ.ವಿ. ರಾಮನ್ ಅವರು 1920ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ತಿಳಿಸಿದ್ದರು. ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನಷ್ಟು ವಿಸ್ತಾರವಾಗಿ ಬರೆದರು. ನಮ್ಮ ವಾದ್ಯ ತಯಾರಕರು ಕೈಯಳತೆಯಲ್ಲಿ ಸಾಧಿಸಿದ ಈ ನಾದವನ್ನು ಬರಿಯ ‘ಗುಂ’ ಆಗಿ ಕೇಳುವುದು ಬೇಸರದ ಸಂಗತಿ.

ಹಿಂದೂಸ್ತಾನಿಯ ನಿಧಾನ ಲಯದ ವಿಲಂಬಿತ್ ಖಯಾಲ್‌ನಲ್ಲಿ ಡಗ್ಗಾದ, ಅಂದರೆ ತಬಲಾ ಜೋಡಿಯ ತಗ್ಗು ಧ್ವನಿಯ ವಾದ್ಯದ, ನಾದ ಇದೇ ರೀತಿ ಹರಡಿಕೊಳ್ಳುತ್ತದೆಯಾದರೂ ಅಲ್ಲಿ ಪೆಟ್ಟುಗಳ ನಡುವೆ ಸಾಕಷ್ಟು ತೆರಪಿರುವುದರಿಂದ ಕಿರಿಕಿರಿ ಕಡಿಮೆ. ಗಂಗೂಬಾಯಿ ಹಾನಗಲ್ ಅವರಂಥ ಗಂಭೀರ ಕಂಠಕ್ಕೆ ತುಸು ಬೇಸ್ ಇದ್ದರೆ ಘನತೆಯೇ ಬರುತ್ತದೆ. ಅತಿಯಾದರೆ ಆ ಕಂಠದ ಒರಟು ಅಂಚು ಸವೆದುಹೋಗುತ್ತದೆ. ಭಾವಗೀತೆಗಳಲ್ಲಿ ಸಾಹಿತ್ಯವೇ ಮುಖ್ಯ, ಅದರ ಸ್ಪಷ್ಟತೆ ಇರುವುದು ವ್ಯಂಜನಗಳಲ್ಲಿ, ವ್ಯಂಜನಗಳಿರುವುದು ಬಹುಮಟ್ಟಿಗೆ 2,000 ಹರ್ಟ್ಜ್‌ನಿಂದಾಚೆಗೆ.

ಯಕ್ಷಗಾನದ ಮಾತು ಬೇರೆ. ಚಂಡೆಯ ತೀಕ್ಷ್ಣ ಸದ್ದಿಗೂ ಏರು ಶ್ರುತಿಯ ಭಾಗವತರ ಕಂಠಕ್ಕೂ ಬೇಸ್‌ನಿಂದ ವಿಶೇಷ ಉಪಕಾರವೂ ಇಲ್ಲ, ಅಪಕಾರವೂ ಇಲ್ಲ. ಆದರೆ ಬಯಲಾಟದ ಧ್ವನಿಮುದ್ರಣಗಳಲ್ಲಿ ಜನರೇಟರಿನ ಗುರುಗುರು, ಮೈಕಿಗೆ ಬಡಿಯುವ ಗಾಳಿ, ರಂಗಸ್ಥಳದ ಹಲಗೆಯ ದಡದಡ ಎಲ್ಲವೂ ತಗ್ಗು ಆವರ್ತನದವೇ. ಹಳೆಯ ಸಭಾ ಕಛೇರಿಗಳ ಕ್ಯಾಸೆಟ್‌ಗಳಲ್ಲಿ ಕೇಳುವ ವಿದ್ಯುತ್ತಿನ ಹಮ್ಮಿಂಗ್ ಕೂಡ, ನಮ್ಮ ವಿದ್ಯುತ್ 50 ಹರ್ಟ್ಜ್ ಆದ್ದರಿಂದ, 50 ಮತ್ತು 100 ಹರ್ಟ್ಜ್‌ನಲ್ಲಿ ಕುಳಿತಿರುತ್ತದೆ. ಬೇಸ್ ಇಯರ್‌ಫೋನ್ ಇವನ್ನೆಲ್ಲ ಸಂಗೀತದ ಜೊತೆ ಸಮಾನ ಗೌರವದಿಂದ ಎತ್ತಿಕೊಡುತ್ತದೆ. ಇನ್ನು 1925ಕ್ಕೆ ಮೊದಲು ಕಹಳೆಯ ಮುಂದೆ ಹಾಡಿ ಮುದ್ರಿಸಿದ ಗಾನತಟ್ಟೆಗಳಲ್ಲಂತೂ ತಗ್ಗು ಧ್ವನಿ ಇಲ್ಲವೆನ್ನುವಷ್ಟು ಕಡಿಮೆ. 1902ರಲ್ಲಿ ಕಲ್ಕತ್ತೆಯಲ್ಲಿ ಮುದ್ರಣಕ್ಕೆ ಹಾಡಿ, ಕೊನೆಗಾಲದಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ಆ ಮೊದಲ ತಟ್ಟೆಗಳನ್ನು ಇಂಥ ಇಯರ್‌ಫೋನ್‌ನಲ್ಲಿ ಕೇಳಿದರೆ ಹೆಚ್ಚುವುದು ತಟ್ಟೆ ತಿರುಗುವ ಸದ್ದು ಮಾತ್ರ.

ಹಾಗೆಂದು ಬೇಸ್ ಹೆಚ್ಚಿಸುವ ತಯಾರಕರನ್ನು ಸುಮ್ಮನೆ ದೂರುವುದು ನ್ಯಾಯವಲ್ಲ. ಬಸ್ಸು, ರೈಲುಗಳ ಗದ್ದಲ ತಗ್ಗು ಧ್ವನಿಯನ್ನೇ ಮೊದಲು ಮುಚ್ಚಿಹಾಕುತ್ತದೆ. ಕಡಿಮೆ ವಾಲ್ಯೂಮಿನಲ್ಲಿ ಕೇಳುವಾಗ ಕಿವಿಗೆ ಬೇಸ್ ಸಹಜವಾಗಿಯೇ ಕಡಿಮೆ ಕೇಳಿಸುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಆದ್ದರಿಂದ ಮೆಲುದನಿಯಲ್ಲಿ ಕೇಳುವವರಿಗೆ ಸ್ವಲ್ಪ ಹೆಚ್ಚು ಬೇಸ್ ಹಿತವೇ. ಆದರೆ ಬೇಸ್‌ನಡಿ ಹೂತ ಗಾಯನವನ್ನು ಕೇಳಲೆಂದು ವಾಲ್ಯೂಮ್ ಏರಿಸುತ್ತ ಹೋಗುವುದು ಅಪಾಯ. ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ 80 ಡೆಸಿಬೆಲ್. ಅದರಿಂದ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ.

ಸಬ್-ಬೇಸ್ ಅನ್ನು ಮಾತ್ರ ಎತ್ತಿ, ಸುಮಾರು 100 ಹರ್ಟ್ಜ್‌ನಿಂದ ಮೇಲೆ ಸಮತಲಕ್ಕೆ ಬರುವ ಮಾನಿಟರ್‌ಗಳೂ ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ರ‍್ಯಾಪ್‌ ಕೂಡ ಮೈದುಂಬಿ ಕೇಳುತ್ತದೆ, ಗಾಯನವೂ ಮುಸುಕಾಗುವುದಿಲ್ಲ. ಎಲ್ಲ ಬಗೆಯ ಸಂಗೀತ ಕೇಳುವವರು ಒಂದನ್ನೇ ಕೊಳ್ಳುವುದಾದರೆ ಇಂಥದ್ದನ್ನೇ ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಈಗಾಗಲೇ ಬೇಸ್ ಅತಿಯಾದುದನ್ನು ಕೊಂಡವರು ಫೋನಿನ ಈಕ್ವಲೈಜರ್‌ನಲ್ಲಿ, ಅಂದರೆ ಬೇರೆ ಬೇರೆ ಆವರ್ತನಗಳ ಜೋರನ್ನು ಏರಿಸಿ ಇಳಿಸುವ ಸೆಟ್ಟಿಂಗ್‌ನಲ್ಲಿ, 125 ಮತ್ತು 250 ಹರ್ಟ್ಜ್‌ನ ಗುಂಡಿಗಳನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ ನೋಡಬಹುದು. ಬೇಸ್ ಇಲ್ಲವೇ ಇಲ್ಲ ಎಂದು ದೂರುವವರು ಮೊದಲು ರಬ್ಬರ್ ಬಡ್‌ನ ಅಳತೆ ಬದಲಿಸಲಿ, ಏಕೆಂದರೆ ಕಿವಿಯ ಕಾಲುವೆಯಲ್ಲಿ ಸಣ್ಣ ಸಂದು ಉಳಿದರೂ ತಗ್ಗು ಧ್ವನಿ ಸೋರಿಹೋಗುತ್ತದೆ.

ಆದರೆ ಯಾವುದು ಯಾವ ಬಗೆಯದೆಂದು ಕೊಳ್ಳುವವರು ತಿಳಿಯುವುದು ಹೇಗೆ? ಡಬ್ಬಿಯ ಮೇಲೆ ಅಚ್ಚಾಗಿರುವ ‘20 ಹರ್ಟ್ಜ್‌ನಿಂದ 20,000 ಹರ್ಟ್ಜ್’ ಎಂಬ ಸಾಲು ಮನುಷ್ಯನ ಕಿವಿಯ ವ್ಯಾಪ್ತಿಯನ್ನು ಹೇಳುತ್ತದೆಯೇ ಹೊರತು ಒಳಗಿರುವ ಸಾಧನದ ಗುಣವನ್ನಲ್ಲ. ಯಾವ ಆವರ್ತನ ಎಷ್ಟು ಡೆಸಿಬೆಲ್ ಏರಿದೆ, ಎಷ್ಟು ಇಳಿದಿದೆ ಎಂದು ತೋರಿಸುವ ಒಂದು ಗೆರೆಚಿತ್ರವನ್ನು ಫ್ರಿಜ್ಜಿನ ಮೇಲಿನ ನಕ್ಷತ್ರ ಗುರುತಿನಂತೆ ಪ್ರತಿ ಡಬ್ಬಿಯ ಮೇಲೂ ಅಚ್ಚು ಹಾಕುವುದನ್ನು ಕಡ್ಡಾಯ ಮಾಡಬೇಕು. ಈ ಅಳತೆಯನ್ನು ತಯಾರಕರು ಹೇಗೂ ಮಾಡಿಯೇ ಇರುತ್ತಾರೆ, ಹೊಸ ಖರ್ಚೇನೂ ಬೀಳದು. ಅಲ್ಲಿಯವರೆಗೆ ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಇಯರ್‌ಫೋನ್‌ಗಳ ವಿಮರ್ಶೆ ಬರೆಯುವವರು ಬ್ಯಾಟರಿ ಎಷ್ಟು ಹೊತ್ತು ಬಾಳಿಕೆ ಬರುತ್ತದೆ ಎಂಬುದರ ಜೊತೆಗೆ ಯಾವ ಯಾವ ಸಂಗೀತ ಕೇಳಿ ಪರೀಕ್ಷಿಸಿದರು ಎಂಬುದನ್ನೂ ನಮೂದಿಸಬೇಕೆಂದು, ಆ ಪಟ್ಟಿಯಲ್ಲಿ ಮೃದಂಗವಿರುವ ಒಂದು ಕಛೇರಿಯಾದರೂ ಇರಲೆಂದು ಕೋರುತ್ತೇನೆ.

ಇತಿ,
ಸಂಗೀತಾಸಕ್ತ ಓದುಗ,
ಮೈಸೂರು