ಯಾವ ಕ್ಯಾನ್ಸರ್ ಬೇಕೆಂದು ರೋಗಿಯನ್ನೇ ಕೇಳುವುದೇ?

ಮಾನ್ಯ ಸಂಪಾದಕರೇ,

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಮೈಸೂರು ಭಾಗದ ರೋಗಿಗಳು ಇನ್ನು ಬೆಂಗಳೂರಿಗೆ ಅಲೆಯಬೇಕಾಗಿಲ್ಲ, ಎಲ್ಲ ಸೌಲಭ್ಯವೂ ಇಲ್ಲಿಯೇ ಇದೆ ಎಂದು ಅಧಿಕಾರಿಗಳು ಹೇಳಿದ್ದು ನಿಮ್ಮ ಪತ್ರಿಕೆಯಲ್ಲಿ ವರದಿಯಾಗಿತ್ತು. ಆ ವರದಿಯನ್ನು ನಂಬಿ ನಾನು ನಿನ್ನೆ ನನ್ನ ಅಣ್ಣನನ್ನು ಕರೆದುಕೊಂಡು ನಗರದ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಸರ್ಕಾರದ ಆರೋಗ್ಯ ಯೋಜನೆಯ ಕೌಂಟರಿನಲ್ಲಿ ಕುಳಿತಿದ್ದ ಸಿಬ್ಬಂದಿ ನಮ್ಮ ಕಾಗದಗಳನ್ನು ತಿರುವಿ ಹಾಕಿ, "ಇದ್ರಲ್ಲಿ ಎರಡು ಕ್ಯಾನ್ಸರ್ ಬರ್ದಿದಾರಲ್ಲಮ್ಮ, ನಮ್ಗೆ ಒಂದೇ ಹಾಕಕ್ಕಾಗೋದು. ಯಾವ್ದಕ್ಕೆ ಹಾಕ್ಲಿ, ನೀವೇ ಹೇಳ್ಬಿಡಿ" ಎಂದರು. ನಾಲಿಗೆಯ ಒಂದು ಭಾಗವನ್ನು ತೆಗೆದಿರುವುದರಿಂದ ಅಣ್ಣನಿಗೆ ಈಗ ಮಾತು ಸರಿಯಾಗಿ ಹೊರಡುವುದಿಲ್ಲ. ಜೇಬಿನಲ್ಲಿಟ್ಟುಕೊಂಡಿರುವ ಪುಟ್ಟ ನೋಟ್‌ಬುಕ್ಕಿನಲ್ಲಿ ಅವರು "ಯಾವುದಾದರೂ ಬರೆಸು, ಹೋಗೋಣ" ಎಂದು ಬರೆದು ನನ್ನ ಮುಂದೆ ಹಿಡಿದರು. ಕೌಂಟರಿನವರು ಅದನ್ನೂ ಓದಿದರು. ಓದಿದ ಮೇಲೆ ಮುಂದಿನವರ ಟೋಕನ್ ನಂಬರ್ ಕೂಗಿದರು.

ಅಣ್ಣ ಪಾಂಡವಪುರದ ಕಡೆಯ ಕಬ್ಬು ಬೆಳೆಗಾರರು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವುದು ಹರೆಯದಿಂದ ಬಂದ ಅಭ್ಯಾಸ. ನಾಲಿಗೆಯ ಅಂಚಿನಲ್ಲಿ ಎದ್ದ ಹುಣ್ಣು ಮಾಯದೆ, ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡ ಮೇಲೆ ಬಯಾಪ್ಸಿ ಆಯಿತು, ಬೇರೆ ಊರಿನಲ್ಲಿ ಆಪರೇಷನ್ ಆಯಿತು. ನಾಲಿಗೆಯ ಗಡ್ಡೆಯ ಜೊತೆ ಕುತ್ತಿಗೆಯ ಆ ಬದಿಯ ದುಗ್ಧರಸ ಗ್ರಂಥಿಗಳನ್ನೂ ತೆಗೆದು ಪರೀಕ್ಷೆಗೆ ಕಳುಹಿಸಿದರು. ಕೆಲವು ಗ್ರಂಥಿಗಳಲ್ಲಿ ನಾಲಿಗೆಯಿಂದ ಹರಡಿದ ಸ್ಕ್ವಾಮಸ್ ಕಾರ್ಸಿನೋಮಾ (ಒಳಪದರದ ಜೀವಕೋಶಗಳ ಕ್ಯಾನ್ಸರ್) ಇತ್ತು, ಅದನ್ನು ವೈದ್ಯರು ಮೊದಲೇ ಊಹಿಸಿದ್ದರು. ಇನ್ನೊಂದು ಗ್ರಂಥಿಯಲ್ಲಿ ಇದ್ದದ್ದು ಥೈರಾಯಿಡ್‌ನ ಪ್ಯಾಪಿಲರಿ ಕಾರ್ಸಿನೋಮಾ, ಅಂದರೆ ಥೈರಾಯಿಡ್ ಗ್ರಂಥಿಯಲ್ಲಿಯೇ ಹುಟ್ಟುವ ಬೇರೆಯೇ ಕ್ಯಾನ್ಸರ್. ಥೈರಾಯಿಡ್ ಊದಿರಲಿಲ್ಲ, ನೋವಿರಲಿಲ್ಲ, ರಕ್ತಪರೀಕ್ಷೆಯಲ್ಲಿ ಹಾರ್ಮೋನಿನ ಮಟ್ಟವೂ ಸರಿಯಾಗಿಯೇ ಇತ್ತು. ಆಮೇಲೆ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಥೈರಾಯಿಡ್‌ನೊಳಗೆ ಸಣ್ಣದೊಂದು ಗಂಟು ಕಂಡಿತು, ಸೂಜಿ ಪರೀಕ್ಷೆಯೂ ಅದನ್ನೇ ಹೇಳಿತು.

ಇದು ಅಪರೂಪ ಎಂಬುದನ್ನು ಒಪ್ಪುತ್ತೇನೆ. ಆದರೆ ಕಂಡು ಕೇಳರಿಯದ ಸಂಗತಿಯೇನೂ ಅಲ್ಲ. ಬಾಯಿ ಅಥವಾ ಧ್ವನಿಪೆಟ್ಟಿಗೆಯ ಕ್ಯಾನ್ಸರಿಗಾಗಿ ಕುತ್ತಿಗೆಯ ಗ್ರಂಥಿಗಳನ್ನು ತೆಗೆದಾಗ ಥೈರಾಯಿಡ್ ಕ್ಯಾನ್ಸರ್ ಆಕಸ್ಮಿಕವಾಗಿ ಪತ್ತೆಯಾಗುವುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಒಬ್ಬರಲ್ಲಿಯೇ ಎರಡು ಸ್ವತಂತ್ರ ಕ್ಯಾನ್ಸರ್‌ಗಳಿವೆ ಎನ್ನಬೇಕಾದರೆ ಏನೇನು ಖಚಿತವಾಗಬೇಕು ಎಂಬುದನ್ನು ವಾರೆನ್ ಮತ್ತು ಗೇಟ್ಸ್ ಎಂಬ ಸಂಶೋಧಕರು 1932ರಲ್ಲಿಯೇ ಬರೆದಿಟ್ಟಿದ್ದಾರೆ: ಎರಡೂ ಮಾರಕ ಗಡ್ಡೆಗಳಾಗಿರಬೇಕು, ಒಂದಕ್ಕಿಂತ ಒಂದು ಬೇರೆಯಾಗಿರಬೇಕು, ಒಂದು ಇನ್ನೊಂದರಿಂದ ಹರಡಿದ್ದಲ್ಲ ಎಂಬುದು ಖಾತ್ರಿಯಾಗಬೇಕು. ಅಣ್ಣನ ವಿಷಯದಲ್ಲಿ ಈ ಮೂರೂ ಆಗಿವೆ. ಗ್ರಂಥಿಯ ತುಣುಕಿಗೆ ವಿಶೇಷ ಬಣ್ಣದ ಪರೀಕ್ಷೆ ಮಾಡಿ, ಥೈರಾಯಿಡ್ ಮೂಲದ ಜೀವಕೋಶಗಳಲ್ಲಿ ಇರುವ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನು ಅದರಲ್ಲಿದೆ ಎಂದು ರೋಗಶಾಸ್ತ್ರ ತಜ್ಞರು ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು, ವೈದ್ಯೆಯಲ್ಲ. ನನಗೆ ಓದಿ ಅರ್ಥವಾದ ಆ ಪುಟವನ್ನು ಹೊರರೋಗಿ ವಿಭಾಗದಲ್ಲಿ ಯಾರೂ ಪೂರ್ತಿ ಓದಲಿಲ್ಲ. "ರಿಪೋರ್ಟ್ ಅದಲು ಬದಲಾಗಿರ್ಬೇಕು, ಇನ್ನೊಂದ್ಸಲ ಮಾಡ್ಸಿ" ಎಂಬ ಮಾತು ಮೊದಲ ಕೋಣೆಯಲ್ಲಿಯೇ ಬಂತು. ಗಾಜಿನ ಸ್ಲೈಡುಗಳನ್ನೂ, ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿದ ಬ್ಲಾಕುಗಳನ್ನೂ ಒಡೆಯದಂತೆ ಹತ್ತಿಯಲ್ಲಿ ಸುತ್ತಿ ತಂದಿದ್ದೆ. ಅವನ್ನು ಇಲ್ಲಿನ ಪ್ರಯೋಗಾಲಯದಲ್ಲಿ ಮತ್ತೊಮ್ಮೆ ನೋಡಿದರೆ ಅನುಮಾನ ಅಲ್ಲಿಗೇ ತೀರುತ್ತಿತ್ತು. ಅವುಗಳನ್ನು ಯಾರಿಗೆ ಕೊಡಬೇಕು ಎಂದು ಕೇಳಿದರೆ ಒಬ್ಬರು ನೆಲಮಹಡಿ ಎಂದರು, ನೆಲಮಹಡಿಯಲ್ಲಿದ್ದವರು ಚೀಟಿ ಇಲ್ಲದೆ ಮುಟ್ಟುವುದಿಲ್ಲ ಎಂದರು.

ಅಲ್ಲಿಂದ ಮುಂದಿನದು ಇನ್ನೂ ಕೆಟ್ಟದ್ದು. ಕಿವಿ, ಮೂಗು, ಗಂಟಲು ವಿಭಾಗದವರು ನಾಲಿಗೆಯದೇ ಮುಖ್ಯ, ಮೊದಲು ರೇಡಿಯೇಷನ್ ಆಗಲಿ, ಥೈರಾಯಿಡ್ ವಿಷಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಕೇಳಿ ಎಂದರು. ಶಸ್ತ್ರಚಿಕಿತ್ಸಾ ವಿಭಾಗದವರು ಥೈರಾಯಿಡ್ ತೆಗೆದ ಮೇಲೆ ಬೇಕಾದರೆ ರೇಡಿಯೇಷನ್ ಕೊಡಿಸಿಕೊಳ್ಳಿ ಎಂದರು. ರೇಡಿಯೇಷನ್ ವಿಭಾಗದವರು ಮೊದಲಿನ ಇಬ್ಬರೂ ಬರೆದುಕೊಡಲಿ ಎಂದರು. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾದುದನ್ನೇ ಹೇಳಿರಬಹುದು. ಆದರೆ ಈ ಮೂರು ಮಾತುಗಳನ್ನು ಕೂಡಿಸಿ ತೀರ್ಮಾನ ಮಾಡಬೇಕಾದವಳು ಚೀಲ ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತ ನಾನೇ?

ಇಲ್ಲಿ ಯಾವುದು ಮೊದಲು ಎಂಬುದೇ ಚಿಕಿತ್ಸೆಯ ಜೀವಾಳ. ನಾಲಿಗೆಯ ಕ್ಯಾನ್ಸರ್ ಬೇಗ ಬೆಳೆಯುತ್ತದೆ. ಆಪರೇಷನ್ ಆದ ಸುಮಾರು 6 ವಾರಗಳೊಳಗೆ ರೇಡಿಯೇಷನ್ ಶುರುವಾಗಬೇಕು ಎಂಬುದು ಎಲ್ಲೆಡೆ ಒಪ್ಪಿರುವ ಗಡುವು. ಪ್ಯಾಪಿಲರಿ ಥೈರಾಯಿಡ್ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನದ್ದು, ಸ್ವಲ್ಪ ಕಾಯಬಲ್ಲದು. ಆದರೆ ಒಮ್ಮೆ ರೇಡಿಯೇಷನ್ ಆದ ಕುತ್ತಿಗೆಯ ಅಂಗಾಂಶ ಗಟ್ಟಿಯಾಗಿಬಿಡುವುದರಿಂದ ಆಮೇಲೆ ಅಲ್ಲಿ ಕತ್ತಿ ಆಡಿಸುವುದು ಕಷ್ಟ, ಧ್ವನಿಯ ನರಕ್ಕೂ ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯಿಡ್ ಗ್ರಂಥಿಗಳಿಗೂ ಅಪಾಯ ಹೆಚ್ಚು. ಹಾಗೆಂದು ಥೈರಾಯಿಡ್ಡನ್ನೇ ಮೊದಲು ತೆಗೆಯಲು ಹೋಗಿ ಗಾಯ ಬೇಗ ಮಾಯದಿದ್ದರೆ ನಾಲಿಗೆಯ ಗಡುವು ಮೀರಿಹೋಗುತ್ತದೆ. ಥೈರಾಯಿಡ್‌ಗೆ ಕೊಡುವ ವಿಕಿರಣಶೀಲ ಅಯೋಡಿನ್‌ನಿಂದ ನಾಲಿಗೆಯ ಕ್ಯಾನ್ಸರ್ ಗುಣವಾಗದು, ನಾಲಿಗೆಯದಕ್ಕೆ ರೇಡಿಯೇಷನ್ ಜೊತೆ ಕೊಡುವ ಕೀಮೋ ಔಷಧಿ ಸಿಸ್‌ಪ್ಲಾಟಿನ್ ಪ್ಯಾಪಿಲರಿಗೆ ಮಾಮೂಲಿ ಮದ್ದಲ್ಲ. ಒಂದು ವಿಭಾಗದವರು ಇನ್ನೊಂದನ್ನು ಕೇಳದೆ ಚಿತ್ರ ಸ್ಪಷ್ಟವಾಗಿ ಕಾಣಲೆಂದು ಅಯೋಡಿನ್ ಇರುವ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಸಿ.ಟಿ. ಸ್ಕ್ಯಾನ್ ಮಾಡಿಸಿದರೆ, ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯನ್ನು ವಾರಗಟ್ಟಲೆ ಮುಂದೂಡಬೇಕಾಗುತ್ತದೆ. ಇಷ್ಟೆಲ್ಲ ತೂಗಿ ನೋಡಬೇಕಾಗಿರುವುದರಿಂದಲೇ ಶಸ್ತ್ರಚಿಕಿತ್ಸಕರು, ರೇಡಿಯೇಷನ್ ತಜ್ಞರು, ರೋಗಶಾಸ್ತ್ರ ತಜ್ಞರು ಎಲ್ಲರೂ ಒಟ್ಟಿಗೆ ಕುಳಿತು ಒಬ್ಬೊಬ್ಬ ರೋಗಿಯ ವಿಷಯ ಚರ್ಚಿಸುವ ಟ್ಯೂಮರ್ ಬೋರ್ಡ್ ಎಂಬ ವ್ಯವಸ್ಥೆ ಇರುವುದು. ನಿನ್ನೆ ನಾವು ಹೋದಲ್ಲಿ ಆ ಹೆಸರು ಹೇಳಿದರೆ, ಅದು ಯಾವ ಮಹಡಿಯಲ್ಲಿದೆ ಎಂದು ನನ್ನನ್ನೇ ಕೇಳಿದರು.

ಮತ್ತೊಂದು ಮಾತನ್ನೂ ಯಾರೂ ಎತ್ತಲಿಲ್ಲ. ಬಾಯಿಯ ಕ್ಯಾನ್ಸರ್ ಆದವರಲ್ಲಿ ಹುಣ್ಣಾದ ಜಾಗವಷ್ಟೇ ಅಲ್ಲದೆ ಸುತ್ತಲಿನ ಒಳಪದರವೂ ಕೆಟ್ಟಿರುತ್ತದೆ ಎಂಬುದನ್ನು 1953ರಲ್ಲಿ ಸ್ಲಾಟರ್ ಎಂಬ ಸಂಶೋಧಕರು ಮತ್ತು ಸಂಗಡಿಗರು ತೋರಿಸಿಕೊಟ್ಟಿದ್ದಾರೆ. ಅಂಥವರ ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳಗಳನ್ನು ದುರ್ಬೀನು ಹಾಕಿ ನೋಡುವುದು ಅದಕ್ಕಾಗಿಯೇ. ಎರಡನೆಯದನ್ನೇ ನಂಬದವರು ಮೂರನೆಯದನ್ನು ಹುಡುಕುತ್ತಾರೆಯೇ?

ಮೂಗಿನ ನಳಿಕೆಯಲ್ಲಿ ಗಂಜಿ ಕುಡಿಯುವ ಮನುಷ್ಯನನ್ನು ಬೆಳಗಿನ ಜಾವ ಹಳ್ಳಿಯಿಂದ ಹೊರಡಿಸಿಕೊಂಡು ಬಂದು, ಲಿಫ್ಟ್ ಕೆಟ್ಟಿರುವ ಕಟ್ಟಡದಲ್ಲಿ ಮೆಟ್ಟಿಲು ಹತ್ತಿಸಿ ಇಳಿಸಿ, ಗಂಜಿ ಹಾಕಲು ಒಂದು ಶುಚಿಯಾದ ಮೂಲೆ ಸಿಗದೆ ಕೊನೆಗೆ ಆಟೋದಲ್ಲಿ ಕೂರಿಸಿ ಸಿರಿಂಜಿನಲ್ಲಿ ಹಾಕಿದೆ. ಅದೇ ಆಟೋ ನಿಂತಿದ್ದ ಜಾಗದ ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಪಾನ್ ಮಸಾಲದ ಚೀಟು ಒಂದು ಸರ, ಹೊಗೆಸೊಪ್ಪಿನ ಚೀಟು ಇನ್ನೊಂದು ಸರ, ಎರಡೂ ಜೋಡಿಯಾಗಿ ನೇತಾಡುತ್ತಿದ್ದವು. ಕರ್ನಾಟಕದಲ್ಲಿ ಈ ಎರಡೂ ಬೆರೆತ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಎರಡನ್ನು ಬೇರೆ ಬೇರೆ ಚೀಟಿನಲ್ಲಿ ಮಾರಿ, ಕೊಂಡವರ ಕೈಯಲ್ಲಿಯೇ ಬೆರೆಸಿಸುತ್ತಿದ್ದಾರೆ. ಇದನ್ನು ತಡೆಯಬೇಕಾದ ಅಧಿಕಾರಿಗಳು ಆ ಅಂಗಡಿಯ ಮುಂದೆಯೇ ದಿನಾ ಓಡಾಡುತ್ತಾರೆ. ನಮ್ಮ ಬಡಾವಣೆಯ ಶಾಲೆಯ ಬಳಿ ಇದೇ ವ್ಯಾಪಾರ ನಡೆಯುತ್ತಿದೆ ಎಂದು ನಾನು ಸೇವೆಯಲ್ಲಿದ್ದಾಗಲೇ ದೂರು ಕೊಟ್ಟಿದ್ದೆ. ಶಾಲೆಯ ಸುತ್ತ 100 ಗಜದೊಳಗೆ ತಂಬಾಕು ಮಾರಬಾರದು ಎಂಬ ಫಲಕ ಬಂತು, ಅಂಗಡಿ ಫಲಕದ ಕೆಳಗೇ ಉಳಿಯಿತು. ಆ ದೂರಿಗೆ ಇಂದಿಗೂ ಉತ್ತರವಿಲ್ಲ. ಜಿಲ್ಲೆಯ ಆರೋಗ್ಯಾಧಿಕಾರಿಗಳ ಕಚೇರಿಯ ಫೋನು ಆಗಲೂ ಎತ್ತುತ್ತಿರಲಿಲ್ಲ, ನಿನ್ನೆಯೂ ಎತ್ತಲಿಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಎಂದು 2018ರಿಂದ ಸರ್ಕಾರ ಗೋಡೆಗೋಡೆಯ ಮೇಲೆ ಬರೆಸಿದೆ. ಒಂದು ಕುತ್ತಿಗೆಯಲ್ಲಿ ಎರಡು ರೋಗ ಇರಬಹುದು ಎಂಬುದು ಕೌಂಟರಿನವರಿಗೆ ತಿಳಿದಿಲ್ಲದಿದ್ದರೆ ಅದು ಅವರ ತಪ್ಪಲ್ಲ, ಅವರಿಗೆ ಹೇಳಿಕೊಡದವರ ತಪ್ಪು. ಎರಡಕ್ಕೂ ಒಪ್ಪಿಗೆ ತರುವ ದಾರಿ ಇದ್ದೇ ಇದ್ದರೆ ಅದನ್ನು ರೋಗಿಗೆ ಹೇಳಬೇಕಾದವರು ಯಾರು? ನಾಲಿಗೆಯದಕ್ಕೆ ಬರೆಸಿದರೆ ಥೈರಾಯಿಡ್ ಖರ್ಚು ಕೈಯಿಂದ, ಥೈರಾಯಿಡ್‌ದಕ್ಕೆ ಬರೆಸಿದರೆ ರೇಡಿಯೇಷನ್ ಖರ್ಚು ಕೈಯಿಂದ ಎಂದು ಹೇಳಿಸಿಕೊಂಡು, ಕಬ್ಬಿನ ಬಾಕಿ ಹಣಕ್ಕೆ ಕಾಯುತ್ತಿರುವ ರೈತ ಯಾವುದನ್ನು ಆರಿಸಬೇಕು?

ಆದ್ದರಿಂದ ಸಂಬಂಧಪಟ್ಟವರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳಿಗೆ ವಾರಕ್ಕೊಮ್ಮೆಯಾದರೂ ಎಲ್ಲ ತಜ್ಞರನ್ನೂ ಒಂದು ಕಡೆ ಸೇರಿಸಲಿ, ತೀರ್ಮಾನವನ್ನು ಒಂದೇ ಹಾಳೆಯಲ್ಲಿ ಸಹಿ ಮಾಡಿ ಕೊಡಲಿ. ಸ್ಲೈಡುಗಳನ್ನು ಎರಡನೆಯ ಬಾರಿ ನೋಡುವ ವ್ಯವಸ್ಥೆ ಇರಲಿ, ಕೌಂಟರಿನಲ್ಲಿ ಎರಡು ರೋಗ ಬರೆಯಲು ಬರಲಿ, ಆ ಪೆಟ್ಟಿಗೆ ಅಂಗಡಿಯನ್ನು ಮುಚ್ಚಿಸಲಿ, ಕನಿಷ್ಠ ಫೋನನ್ನಾದರೂ ಎತ್ತಲಿ. ಇದು ಜಿಲ್ಲಾಡಳಿತದ ಕೆಲಸವೋ, ಆರೋಗ್ಯ ಇಲಾಖೆಯದೋ, ವೈದ್ಯಕೀಯ ಶಿಕ್ಷಣ ಇಲಾಖೆಯದೋ ಎಂಬುದನ್ನು ಅವರವರೇ ಇತ್ಯರ್ಥ ಮಾಡಿಕೊಳ್ಳಲಿ. ಸಂಬಳ ಪಡೆಯುವಾಗ ಯಾರಿಗೂ ಈ ಅನುಮಾನ ಬರುವುದಿಲ್ಲವಲ್ಲ! ಬಾಯಿ ಬಾರದ ರೋಗಿಯ ಮುಂದೆ ಯಾವ ಕ್ಯಾನ್ಸರ್ ಬೇಕು ಎಂದು ಕೇಳುವಂಥ ವ್ಯವಸ್ಥೆಯನ್ನು ನಡೆಸುತ್ತಿರುವುದಕ್ಕೆ ಇವರಿಗೆ ನಾಚಿಕೆಯಾಗಬೇಕು.

ಇತಿ,
ರೋಗಿಯೊಬ್ಬರ ತಂಗಿ, ನಿವೃತ್ತ ಶಿಕ್ಷಕಿ
(ಹೆಸರು ಪ್ರಕಟಿಸಬಾರದೆಂದು ಕೋರಿಕೆ)
ಕುವೆಂಪುನಗರ, ಮೈಸೂರು