ಪದಕದ ಅಂಚು ಮೊದಲು ಓದಿ

ಮಾನ್ಯ ಸಂಪಾದಕರೇ,

1971ರ ಯುದ್ಧದಲ್ಲಿ ತಂದೆ ಎಲ್ಲಿದ್ದರೆಂದು ಹುಡುಕುವ ಮಕ್ಕಳು ಬರೀ ಹೆಸರು ಹಿಡಿದು ಮಾಜಿ ಸೈನಿಕರ ಸಂಘಕ್ಕೆ ಬರುತ್ತಾರೆ. ಒಂದೇ ಹೆಸರಿನವರು ಹತ್ತಾರು ಮಂದಿ. ದಾಖಲೆಯಲ್ಲಿ ಕಾಗುಣಿತವೂ ಬೇರೆ.

ಮೊದಲು ಟ್ರಂಕಿನಲ್ಲಿರುವ ಪದಕ ತೆಗೆದು, ಅಂಚು ಮತ್ತು ಹಿಂಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಸೇವಾ ಸಂಖ್ಯೆ, ದರ್ಜೆ, ಹೆಸರು ಸಾಮಾನ್ಯವಾಗಿ ಅಲ್ಲೇ ಕೊರೆದಿರುತ್ತದೆ. ಬ್ರಾಸೊ ಪಾಲಿಶ್ ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ಆ ಯುದ್ಧಕಾಲದ ಸೇವೆಗೆ ಕೊಟ್ಟ ಸಂಗ್ರಾಮ ಪದಕವೊಂದೇ ಇದ್ದರೆ ರಣರಂಗದಲ್ಲಿದ್ದರು ಎನ್ನಲಾಗದು. ಪೂರ್ವಿ ಸ್ಟಾರ್ ಎಂಬ ಪದಕ ಬಾಂಗ್ಲಾ ಕಡೆಯ ಕಾರ್ಯಾಚರಣೆಯದು, ಪಶ್ಚಿಮಿ ಸ್ಟಾರ್ ಪಶ್ಚಿಮ ಗಡಿಯದು.

ಮರಾಠಾ ಲೈಟ್ ಇನ್‌ಫೆಂಟ್ರಿ ಎಂದು ರೆಜಿಮೆಂಟಿನ ಹೆಸರಷ್ಟೇ ಹೇಳಿದರೆ ಸಾಲದು, ಎಷ್ಟನೇ ಬೆಟಾಲಿಯನ್ ಎಂಬುದು ಬೇಕು. ಸೇನೆಯಿಂದ ಬಿಡುಗಡೆಯಾಗುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ ನೋಡಿ. ಬೇರೆ ಘಟಕಕ್ಕೆ ಲಗತ್ತಾಗಿ ಹೋಗಿದ್ದರೆ ಸ್ವಂತ ಬೆಟಾಲಿಯನ್ನಿನವರಿಗೂ ಅವರ ಗುರುತಿರುವುದಿಲ್ಲ; ಇಲ್ಲೇ ಬಹಳ ಜನ ಕೈಚೆಲ್ಲುತ್ತಾರೆ.

ಆ ಬೆಟಾಲಿಯನ್ನಿನ ಹಿರಿಯರು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ಸೈನಿಕರ ಕ್ಯಾಂಟೀನ್, ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಪಾಲಿಕ್ಲಿನಿಕ್‌ಗಳ ಮೂಲಕ ಸಿಗುತ್ತಾರೆ. ಎಂಬತ್ತರ ಆಚೆಗಿನವರು 1965 ಮತ್ತು 1971ನ್ನು ಒಂದಕ್ಕೊಂದು ಬೆರೆಸುವುದುಂಟು. ಹಾಗಾಗಿ ‘ಯಾವ ಯುದ್ಧ?’ ಎನ್ನುವ ಬದಲು, ‘ಯಾವ ನದಿ ದಾಟಿದಿರಿ? ಮರಳೋ ಕೆಸರೋ? ಕಂಪನಿ ಕಮಾಂಡರ್ ಯಾರು?’ ಎಂದು ಕೇಳಿ. ಗುಂಪು ಫೋಟೊ ತೋರಿಸುವಾಗ ನಿಮ್ಮ ತಂದೆಯತ್ತ ಬೆರಳಿಡಬೇಡಿ, ಅವರೇ ಗುರುತಿಸಲಿ. ಇಬ್ಬರು ಬೇರೆಬೇರೆಯಾಗಿ ಒಂದೇ ಮಾತು ಹೇಳಿದರೆ ನಂಬಬಹುದು.

ಆಮೇಲೆ ಸೇವಾ ಸಂಖ್ಯೆ, ವಾರಸುದಾರಿಕೆಯ ಪುರಾವೆಯೊಂದಿಗೆ ಆ ರೆಜಿಮೆಂಟಿನ ದಾಖಲೆ ಕಚೇರಿಗೆ ಬರೆಯಿರಿ. ಕಾಗದ ಕಾಯುತ್ತದೆ, ಹಿರಿಯರು ಕಾಯಲಾರರು. ಅವರನ್ನೇ ಮೊದಲು ಕಾಣಿ.

– ಒಬ್ಬ ಮಾಜಿ ಹವಾಲ್ದಾರ್, ಬೆಳಗಾವಿ