ಚಾರ್ಜರ್‌ಗೆ ಗೀಸರ್ ಲೈನು ಸಾಲದು

ಮಾನ್ಯ ಸಂಪಾದಕರೇ,

ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಹಳೆಯ ಮನೆಗೆ ಮಗ ವಿದ್ಯುತ್ ಕಾರು ತಂದಿದ್ದಾನೆ. ಚಾರ್ಜರ್ ಕೂರಿಸಲು ಮಾರಾಟಗಾರರು ಕಳುಹಿಸಿದ ಹುಡುಗ ಗೀಸರ್ ಲೈನಿನಿಂದಲೇ ತಂತಿ ಎಳೆಯಲು ಹೊರಟಿದ್ದ! ಗೀಸರ್ ನೀರು ಕಾದೊಡನೆ ನಿಲ್ಲುತ್ತದೆ, 7.4 ಕಿಲೋವ್ಯಾಟ್ ಚಾರ್ಜರ್ ಗಂಟೆಗಟ್ಟಲೆ ಸುಮಾರು 32 ಆಂಪಿಯರ್ ಎಳೆಯುತ್ತದೆ. ನಮಗೆ ಮಂಜೂರಾಗಿರುವ ಲೋಡ್ ಬರೀ 3 ಕಿಲೋವ್ಯಾಟ್. ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಒಣಗಿದೆಯೇ ಎಂದೂ ಆತ ಕೇಳಲಿಲ್ಲ. ಐಟಿಐಯಲ್ಲಿ ವೈರಿಂಗ್ ಕಲಿಸಿದವನಾದ್ದರಿಂದ ತಡೆದೆ. ಎಲ್ಲರ ಮನೆಯಲ್ಲೂ ನನ್ನಂಥ ಕಿರಿಕಿರಿ ಮುದುಕ ಇರುವುದಿಲ್ಲವಲ್ಲ! ಲೋಡ್ ಹೆಚ್ಚಳ, ಪ್ರತ್ಯೇಕ ಲೈನು, ಹೊರೆ ಮೀರಿದರೆ ಲೈನು ಕಡಿಯುವ ಎಂಸಿಬಿ, ವಿದ್ಯುತ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಸಿಬಿ, ಅರ್ಥಿಂಗ್ ಇವನ್ನೆಲ್ಲ ಕನ್ನಡದಲ್ಲಿ ವಿವರಿಸುವ ಒಂದು ಹಾಳೆಯನ್ನು ಕಾರಿನ ಕೀಲಿಯ ಜೊತೆಗೇ ಕೊಡುವಂತೆ ಸರ್ಕಾರ ಕಡ್ಡಾಯ ಮಾಡಲಿ.

– ನಿವೃತ್ತ ಐಟಿಐ ಬೋಧಕ, ದಾವಣಗೆರೆ